ಅಕ್ಕನ ಅಕ್ಷರದ ಚೀಟಿ

ಡಿಸೆಂಬರ್ 1, ಭಾನುವಾರ

ಇವತ್ತೂ ಚರ್ಚಿನಲ್ಲಿ ಪಾಸ್ಟರ್ ಪ್ರಸಂಗದ ಉದ್ದಕ್ಕೂ ಕಾಲು ಕುಣಿಯಿತು. ಬೆಂಚಿನ ಆ ತುದಿಯಲ್ಲಿ ಅಕ್ಕ, ನಡುವೆ ಅಮ್ಮ, ಈ ತುದಿಯಲ್ಲಿ ನಾನು. ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚಿದರು. ವಾರಕ್ಕೊಂದು ಬತ್ತಿ, ಕ್ರಿಸ್‌ಮಸ್‌ವರೆಗೆ ಕಾಯಬೇಕಂತೆ. ಹತ್ತನೇ ಕ್ಲಾಸಿನಲ್ಲಿ ಪೀರಿಯಡ್ ಮುಗಿಯುವವರೆಗೂ ಕಾಯಲಾಗದೆ ಎದ್ದು ಬಂದವಳು ನಾನು. ವಾಪಸ್ ಹೋಗಲೇ ಇಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ಡಬ್ಬಿ ತಂದರು. ಹೋದ ವಾರ ಎಲ್ಲರೂ ಒಂದೊಂದು ಪ್ರಾರ್ಥನೆಯ ವಿಷಯ ಬರೆದು ಹಾಕಿದ್ದೆವು, ಹೆಸರಿಲ್ಲದೆ. ಈಗ ಒಂದೊಂದು ಚೀಟಿ ಎತ್ತಬೇಕು. ಕ್ರಿಸ್‌ಮಸ್‌ವರೆಗೆ ಅದಕ್ಕಾಗಿ ದಿನಾ ಪ್ರಾರ್ಥಿಸಬೇಕು. ಯಾರದೆಂದು ಹುಡುಕಬಾರದು.

ಹುಡುಕುವ ಕಷ್ಟವೇ ಬರಲಿಲ್ಲ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳ ಅಕ್ಷರ.

"ಒಬ್ಬಳ ಮೇಲೆ ಸಿಟ್ಟಿದೆ. ಹೋಗಲಿ ಎಂದು ಬೇಡುತ್ತಿದ್ದೇನೆ. ಹೋಗುತ್ತಿಲ್ಲ."

ಆ ಒಬ್ಬಳು ನಾನು.

ಡಿಸೆಂಬರ್ 2, ಬೆಳಿಗ್ಗೆ

"ಅಮ್ಮ, ಬಾತ್‌ರೂಮಲ್ಲಿ ಇರೋರಿಗೆ ಬೇಗ ಬರೋಕೆ ಹೇಳು." ಅಕ್ಕ.

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಹಾಗಿದ್ರೆ ಸ್ಟಾಂಪಾದ್ರೂ ಅಂಟಿಸಿ ಕೊಡ್ರೇ." ಅಮ್ಮ.

ಒಳಗೆ ನಗು ಬಂತು. ನಗುವುದಕ್ಕೆ ಜೊತೆ ಇರಲಿಲ್ಲ.

ಆಗಸ್ಟ್‌ನಿಂದ ಹೀಗೆ. ಅಕ್ಕನ ಮದುವೆ ನಿಶ್ಚಯವಾಗಿತ್ತು. ಹುಡುಗನ ತಾಯಿ ಮನೆಗೆ ಬಂದವರು ಸುಮ್ಮನೆ ಕೇಳಿದರು. "ಅಕ್ಕನ ಆರೋಗ್ಯ ಎಲ್ಲ ಚೆನ್ನಾಗಿದೆ ಅಲ್ವೇನಮ್ಮ?" "ಫಿಟ್ಸ್ ಇದೆ. ಮಾತ್ರೆ ತಗೋತಾಳೆ. ಎರಡು ವರ್ಷದಿಂದ ಬಂದಿಲ್ಲ," ಎಂದೆ. ವಾರದೊಳಗೆ ಮದುವೆ ಮುರಿಯಿತು.

ಸುಳ್ಳು ಹೇಳಲಿಲ್ಲ. ಒಂದಕ್ಷರವೂ.

ಡಿಸೆಂಬರ್ 4

ಪ್ರಾರ್ಥನೆಗೆ ಕೂತೆ. "ಅಕ್ಕನ ಸಿಟ್ಟು ಹೋಗಲಿ" — ಅಲ್ಲಿಗೇ ನಿಂತಿತು. ಹೋದರೆ ಲಾಭ ಯಾರಿಗೆ? ನನ್ನ ಉತ್ತರಪತ್ರಿಕೆಗೆ ನಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಒಂದೇ ರೂಮು, ಎರಡು ಹಾಸಿಗೆ. ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಜಡೆಗೆ ಶುಭರಾತ್ರಿ ಹೇಳಬೇಕು.

ಡಿಸೆಂಬರ್ 5

ಲಾಂಡ್ರಿ ಕೆಲಸದಿಂದ ನೇರ ಪಾಸ್ಟರ್ ಮನೆಗೆ.

"ಅಯ್ಯನವರೇ, ಈ ಚೀಟಿ ಬದಲಾಯಿಸಿ ಕೊಡಿ."

"ಯಾಕಮ್ಮ, ಲಾಟರಿ ಹೊಡೀಲಿಲ್ವಾ?"

"ಯಾರದು ಅಂತ ಗೊತ್ತಾಗಿಬಿಟ್ಟಿದೆ. ಆ ಸಿಟ್ಟು ನನ್ನ ಮೇಲೇ."

ನಕ್ಕರು. ಆಮೇಲೆ ನಗಲಿಲ್ಲ. "ಹಾಗಿದ್ರೆ ಸಿಟ್ಟು ಹೋಗಲಿ ಅಂತ ಬೇಡಬೇಡ. ಅವಳಿಗೆ ಎಲ್ಲಿ ನೋಯ್ತಾ ಇದೆ ಅಂತ ತೋರಿಸು ಅಂತ ಬೇಡಿಕೋ."

"ನನಗೆ ಗೊತ್ತು ಎಲ್ಲಿ ಅಂತ."

"ಗೊತ್ತಿದ್ರೆ ಇಷ್ಟು ದೂರ ಬರ್ತಿರಲಿಲ್ಲ," ಎಂದು ಚೀಟಿಯನ್ನು ನನ್ನ ಕೈಗೇ ಮಡಚಿಟ್ಟರು.

ಡಿಸೆಂಬರ್ 8, ಭಾನುವಾರ

ಎರಡನೇ ಬತ್ತಿ. ನಿನಗೆ ಮಗು ಹುಟ್ಟುತ್ತದೆ ಎಂಬ ದೇವದೂತನ ಮಾತು ನಂಬದೆ ಮೂಕನಾದ ಮುದುಕ ಯಾಜಕನ ಪಾಠ. ಮಗು ಹುಟ್ಟುವವರೆಗೂ ಅವನಿಗೆ ಮಾತಿಲ್ಲ. ಶಿಕ್ಷೆ ಎಂದುಕೊಂಡಿದ್ದೆ. ಇವತ್ತು ಅನಿಸಿದ್ದು ಬೇರೆ. ಸುಮ್ಮನಿದ್ದು ಕೇಳಿಸಿಕೊಳ್ಳಲಿ ಎಂದು ಕೊಟ್ಟ ರಜೆಯೋ ಏನೋ. ಆಗಸ್ಟ್‌ನಲ್ಲಿ ಅರ್ಧ ಗಂಟೆ ನನಗೂ ಆ ರಜೆ ಸಿಕ್ಕಿದ್ದರೆ...

ಡಿಸೆಂಬರ್ 11

ಲಾಂಡ್ರಿಗೆ ಚರ್ಚಿನ ನೇರಳೆ ಬಟ್ಟೆ ಬಂದಿತ್ತು. ಆಲ್ಟರಿನ ಮೇಜಿಗೆ ಹಾಸುವುದು. ತುಂಬ ಮೇಣ ಬಿದ್ದಿದೆ. ಮೇಲೊಂದು, ಕೆಳಗೊಂದು ಹಳೆ ಕಾಗದ ಇಟ್ಟು ಇಸ್ತ್ರಿ ಆಡಿಸಬೇಕು. ಮೇಣ ಕರಗಿ ಕಾಗದಕ್ಕೆ ಹತ್ತುತ್ತದೆ. ಬೇಗ ಮುಗಿಯಲಿ ಎಂದು ಬಿಸಿ ಏರಿಸಿದೆ. ಪಕ್ಕದ ಟೇಬಲ್ಲಿನ ಇಸ್ತ್ರಿ ಆಂಟಿ ಕೈಗೇ ಹೊಡೆದರು. "ಏನೇ ಅವಸರ ನಿಂಗೆ? ಮೇಣ ಹೋಗಲ್ಲ, ಬಟ್ಟೆ ಹೋಗುತ್ತೆ!"

ಸಂಜೆ ಅಮ್ಮ ಒಬ್ಬಳೇ ಇದ್ದಳು. ಕೇಳಿದೆ. "ನಾನು ಸುಳ್ಳು ಹೇಳಬೇಕಿತ್ತಾ?"

ಅಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳು ಅಂದ್ರು? ಅವಳೇ ಹೇಳೋಳಿದ್ದಳು. ಆ ಭಾನುವಾರ ಹುಡುಗನ್ನ ಕಾಫಿಗೆ ಕರೆದಿದ್ದಳು, ಅದಕ್ಕೇ. ಎಷ್ಟು ಸಲ ಕನ್ನಡಿ ಮುಂದೆ ಹೇಳಿಕೊಂಡು ನೋಡಿದಳೋ. ನೀನು ಗುರುವಾರವೇ ಮುಗಿಸಿಬಿಟ್ಟೆ."

ನನಗೆ ಗೊತ್ತಿರಲಿಲ್ಲ.

ಕೇಳಿರಲೂ ಇಲ್ಲ.

ಡಿಸೆಂಬರ್ 19

ಎಂಟು ದಿನ ಬರೆಯಲಿಲ್ಲ. ಬರೆದರೆ ನಿಜವೇ ಬರೆಯಬೇಕು.

ಸರಿ. ಆ ದಿನ ಬಾಯಿ ತೆರೆಯುವ ಮುಂಚೆ ಒಂದು ಕ್ಷಣ ಇತ್ತು. ಅಕ್ಕ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅವಳನ್ನೇ ಕೇಳಿ" ಎನ್ನಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. ಆ ಕ್ಷಣದಲ್ಲಿ ಕಣ್ಣಿಗೆ ಬಂದದ್ದು ಅವಳಿಲ್ಲದ ರೂಮು. ಖಾಲಿ ಹಾಸಿಗೆ. ನಾನೊಬ್ಬಳೇ.

ಹೇಳಿದ್ದು ಸತ್ಯ. ಹೇಳಿಸಿದ್ದು ಆ ಖಾಲಿ ಹಾಸಿಗೆ.

ನಾಲ್ಕು ತಿಂಗಳಿಂದ ಸತ್ಯವಂತೆ ಎಂದು ಎದೆ ಉಬ್ಬಿಸಿಕೊಂಡು ಓಡಾಡಿದ್ದೇನೆ. ದೇವರೇ, ನಿನಗೆ ಮೊದಲೇ ಗೊತ್ತಿತ್ತಲ್ಲ. ಸುಮ್ಮನಿದ್ದೆಯಲ್ಲ.

ಡಿಸೆಂಬರ್ 22, ಭಾನುವಾರ

ನಾಲ್ಕೂ ಬತ್ತಿ ಹತ್ತಿವೆ. ಅಮ್ಮನಿಗೆ ಜ್ವರ, ಬರಲಿಲ್ಲ. ಅದೇ ಬೆಂಚು, ನಡುವೆ ಅಮ್ಮನಷ್ಟು ಜಾಗ. ಇಬ್ಬರೂ ಸರಿಯಲಿಲ್ಲ. ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಅವಳು ಹತ್ತು ಹೆಜ್ಜೆ ಮುಂದೆ. ಹೆಜ್ಜೆ ಜೋರು ಮಾಡಿದರೆ ಸಿಗುತ್ತಿದ್ದಳು. ಮಾಡಲಿಲ್ಲ. ಹೆದರಿಕೆ. ಬೇರೆ ಕಾರಣ ಇಲ್ಲ.

ಡಿಸೆಂಬರ್ 23, ಸಂಜೆ 6

ಹೇಳಿದೆ.

ಅಕ್ಕ ಹಾಸಿಗೆಯ ಮೇಲೆ ಕೂತು ವಾರದ ಮಾತ್ರೆ ವಿಂಗಡಿಸುತ್ತಿದ್ದಳು. ನಿಂತೇ ಹೇಳಿದೆ. ಅವತ್ತು ಹೇಳಿದ್ದು ಸತ್ಯ ಅನ್ನೋ ಕಾರಣಕ್ಕಷ್ಟೇ ಅಲ್ಲ, ನೀನು ಮನೆ ಬಿಟ್ಟು ಹೋಗಬಾರದು ಅಂತಲೂ ಹೇಳಿದೆ ಎಂದು. ಅಳಲಿಲ್ಲ. ಅತ್ತರೆ ಅವಳು ಸಮಾಧಾನ ಮಾಡಬೇಕಾಗುತ್ತದೆ, ಅದು ಮೋಸ.

ಕೊನೆಯ ಮಾತ್ರೆಯನ್ನೂ ಅದರ ಖಾನೆಗೆ ಹಾಕಿ ಡಬ್ಬಿ ಮುಚ್ಚಿದಳು.

"ಗೂಬೆ," ಎಂದಳು. ನಾಲ್ಕು ತಿಂಗಳಲ್ಲಿ ಮೊದಲ ಮಾತು. "ನೀನು ಹೇಳಿದ್ದು ಸುಳ್ಳು ಅಂತ ನಾನು ಯಾವಾಗಾದ್ರೂ ಅಂದೆನಾ?"

"ಇಲ್ಲ."

"ಅದು ನಂದು ಕಣೇ. ನಂದು ನಾನು ಹೇಳಬೇಕಿತ್ತು."

"ಹ್ಞೂಂ."

"ಸಿಟ್ಟು ಹೋಗಿಲ್ಲ. ಈಗಲೇ ಹೇಳ್ತಿದ್ದೀನಿ."

"ಹೋಗೋದು ಬೇಡ. ಇರಲಿ."

ಕಾಲು ಮಡಚಿ ಜಾಗ ಮಾಡಿದಳು. ಕೂತೆ. ಆಮೇಲೆ ಅಕ್ಕ ಮಾತಾಡಿದಳು. ಆ ಹುಡುಗನ ಬಗ್ಗೆ, ಆ ಭಾನುವಾರ ಏನಾಯಿತು ಎಂಬುದರ ಬಗ್ಗೆ. ಅಮ್ಮನಿಗೂ ಹೇಳಿರದಿದ್ದನ್ನು. ಅವಳು ಹೇಳಿದ್ದು ಏನೆಂದರೆ—

ಇಲ್ಲ. ಅದು ಅವಳದು.