ಮೇಜು ಕುಟ್ಟಿದ ಸದ್ದು

ಯೇನಾ ವಿಶ್ವವಿದ್ಯಾಲಯ, ಜರ್ಮನಿ, ಮೇ ೧೮೬೮

ಅಪ್ಪಾ,

ನೀವು ತೀರಿಹೋದ ಎರಡು ವರ್ಷಕ್ಕೆ, ನಿಮ್ಮ ರಸಾಯನಶಾಸ್ತ್ರದ ಕೋಣೆಯಲ್ಲಿ ಇವತ್ತು ಮೊದಲ ಸಲ ವಿದ್ಯಾರ್ಥಿಗಳೇ ಪ್ರಯೋಗ ಮಾಡಿದರು. "ಹುಡುಗರ ಕೈಗೆ ಗಾಜು ಕೊಟ್ಟರೆ ಕಟ್ಟಡ ಉಳಿಯಲ್ಲ ಕಣೋ" ಅಂತಿದ್ದಿರಲ್ಲ, ಕಟ್ಟಡ ಉಳಿದಿದೆ. ಒಡೆದದ್ದು ಎರಡೇ ಸೀಸೆ. ಅದರಲ್ಲಿ ಒಂದು ನಾನೇ ಒಡೆದದ್ದು.

"ಮೇಷ್ಟ್ರೇ, ನಿಮಗೂ ಇನ್ನೊಂದು ಕೊಡಲಾ?" ಅಂದ ಲುಡೋಲ್ಫ್ ಎಂಬ ವಿದ್ಯಾರ್ಥಿ.

ಅಮೋನಿಯಾ ಬಿದ್ದರೆ ತಾಮ್ರದ ದ್ರಾವಣ ಕಡುನೀಲಿಯಾಗುತ್ತದೆ ಎಂದು ಮೂವತ್ತು ವರ್ಷ ಓದಿ ಹೇಳಿದಿರಿ. ಇವತ್ತು ಅದು ಅವರ ಕೈಯಲ್ಲೇ ಆಯಿತು. ಪಾಠ ಮುಗಿದಾಗ ಎಲ್ಲರೂ ಬೆರಳಗೆಣ್ಣಿನಿಂದ ಮೇಜು ಕುಟ್ಟಿ ಮರ್ಯಾದೆ ಸಲ್ಲಿಸಿದರು. ನನಗೆ ಎದೆಯುಬ್ಬಿತು.

ನಿಮ್ಮ ಕೊನೆಯ ಪಾಠಕ್ಕೂ ಹೀಗೇ ಕುಟ್ಟಿದ್ದರು. ಹಿಂದಿನ ಬೆಂಚಿನಲ್ಲಿ ನಾನೊಬ್ಬನೇ, ಹುಡುಗರೇ ಪ್ರಯೋಗ ಮಾಡಲಿ ಎಂಬ ನನ್ನ ಮಾತು ನೀವು ಕೇಳಲಿಲ್ಲವೆಂಬ ಹಟಕ್ಕೆ, ಕೈಕಟ್ಟಿ ಕೂತಿದ್ದೆ. ಸದ್ದು ನಿಂತ ಮೇಲೂ ನೀವು ಸ್ವಲ್ಪ ಹೊತ್ತು ನನ್ನ ಕಡೆಯೇ ನೋಡುತ್ತಾ ನಿಂತಿದ್ದಿರಿ.