ದಿಮ್ಮಿಯ ಮೇಲೆ ಎರ್ರಯ್ಯ

ಶ್ರೀಕಾಕುಳಂ ಕಡಲದಂಡೆ, ಮಂಗಳವಾರ

ಅತ್ತಿಗೆಗೆ ನಮಸ್ಕಾರ. ಚಂಡಮಾರುತ ಬಂತು, ಹಂಚು ಹೋಯ್ತು, ಸೊಂಟ ಕೊಂಚ ನೋಯ್ತು. ಉಳಿದಂತೆ ಆರೋಗ್ಯ.

ಬಿರುಗಾಳಿ ದಡಕ್ಕೆಸೆದ ದಿಮ್ಮಿಗೆ ಇಲ್ಲಿ ಮೊದಲು ಬಟ್ಟೆ ಗಂಟು ಹಾಕಿದವರೇ ಒಡೆಯರು. ಆದರೆ ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಕಾವಲು ತಪ್ಪಬಾರದು. ಪಕ್ಕದ ಮನೆಯ ಬೆಸ್ತ ಎರ್ರಯ್ಯ ಒಂದು ತೇಗದ ದಿಮ್ಮಿಗೆ ಗಂಟು ಹಾಕಿ, ಅದರ ಮೇಲೆಯೇ ಕೂತುಬಿಟ್ಟ.

ಈ ಎರ್ರಯ್ಯ ಬಗ್ಗಿದಾಗಲೆಲ್ಲ ಬೆವರಿ ಬಿಳಿಚಿಕೊಳ್ಳುತ್ತಿದ್ದ, ಎದೆ ಡವಗುಟ್ಟುತ್ತಿತ್ತು. ದೇವಿ ಮೈಮೇಲೆ ಬಂದಳೆಂದು ನಾವು ತೆಂಗಿನಕಾಯಿ ಒಡೆಯುತ್ತಿದ್ದೆವು. ಬಿರುಗಾಳಿಗೆ ಮುಂಚೆಯೇ ವಿಶಾಖಪಟ್ಟಣದ ಡಾಕ್ಟರಮ್ಮ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಬಗ್ಗಿಸಿ ನೋಡಿ, ಸ್ಕ್ಯಾನ್ ಮಾಡಿಸಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಅಪರೂಪದ ಗಡ್ಡೆ! ಅದು ಕೆರಳಿದರೆ ಪ್ರಾಣಕ್ಕೇ ಸಂಚಕಾರ. ಮಾತ್ರೆ ಕೊಟ್ಟು, ಈ ಸೋಮವಾರ ಆಪರೇಷನ್ ಎಂದಿದ್ದರು. ಭಾನುವಾರವೂ ಇವನು ದಿಮ್ಮಿ ಬಿಟ್ಟೇಳಲಿಲ್ಲ.

"ಗಡ್ಡೆ ಎಲ್ಲಿಗೂ ಓಡಲ್ಲ. ದಿಮ್ಮೀನ ಹೊತ್ಕೊಂಡು ಹೋಗ್ತಾರೆ" ಎಂದ.

"ನಿನ್ನನ್ನೇ ಹೊತ್ಕೊಂಡು ಹೋಗ್ತಾರಲ್ಲ, ಆಗ?" ಎಂದ ಹೆಂಡತಿ ಪೋಲಮ್ಮ ನನ್ನತ್ತ ಕೈ ತೋರಿಸಿದಳು. "ಏಳು, ಮೇಷ್ಟ್ರು ಕೂತ್ಕೊಳ್ತಾರೆ."

"ಮೇಷ್ಟ್ರು ತೂಕಡಿಸ್ತಾರೆ."

ಪೋಲಮ್ಮ ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಬಿಗಿದು ಗಂಟು ಹಾಕಿದಳು. "ಇದೂ ಕಡಲು ಎಸೆದಿದ್ದೇ. ಗಂಟು ನಂದು. ಎಳೀರ್ರಪ್ಪಾ!" ಎಂದು ಕೂಗಿದಳು.

ಕಟ್ಟಳೆಯೆಂದರೆ ಕಟ್ಟಳೆ. ನಾಲ್ವರು ಬಂದು ಅವನನ್ನು ಬಗ್ಗಿಸದೆ ಎತ್ತಿ ಜೀಪಿಗೆ ಹಾಕಿದರು.

ಈಗ ಫೋನ್ ಬಂತು. ಗಡ್ಡೆ ತೆಗೆದಿದ್ದಾರೆ, ಜೀವಕ್ಕೆ ಭಯವಿಲ್ಲ. ಎಚ್ಚರವಾದವನು ಮೊದಲು ಕೇಳಿದ್ದು ದಿಮ್ಮಿಯ ಮೇಲೆ ಯಾರಿದ್ದಾರೆಂದು. ನಾನೆಂದು ತಿಳಿದಾಗ ಬಿಪಿ ಸ್ವಲ್ಪ ಏರಿತಂತೆ.

ಕಾರ್ಡು ತುಂಬಿತು.
ನಿಮ್ಮ ಮೈದುನ,
ಶ್ರೀಕಂಠ