ಕೋಲಿಲ್ಲದೆ ಕದಲದವನು

ಗೇಟು ಮನೆ, ನಾಂಟ್‌ವೆನ್ ಕಣಿವೆ
ಶುಕ್ರವಾರ, 29 ಡಿಸೆಂಬರ್ 1922

ಎಲಿಸ್‌ಗೆ, ಒಂಬತ್ತು ವರ್ಷದ ಮೇಲೆ ಗ್ವೆನ್‌ಳ ನಮಸ್ಕಾರ.

ದಿನಾ ನಾಲ್ಕು ಸಲ ನೀನು ಓಡಿಸುವ ರೈಲುಗಾಡಿಗೆ ಗೇಟು ತೆರೆಯುತ್ತೇನೆ. ನಿನ್ನ ಮುಖ ಮಾತ್ರ ನೋಡುವುದಿಲ್ಲ. ಒಂಟಿ ಹಳಿಗೆ ಒಂದೇ ಕೋಲು, ಅದು ಯಾರ ಕೈಲಿದೆಯೋ ಹಳಿ ಅವರದು; ಅದು ಕೈಗೆ ಬರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ನಮ್ಮ ಮಗಳು ನೆಸ್ಟ್ ಜ್ವರದಲ್ಲಿ ಬೇಯುತ್ತಿದ್ದ ದಿನ ಎಂಜಿನ್ನು ಹೊಗೆಯಾಡುತ್ತಾ ನಿಂತಿತ್ತು, ಕೋಲು ಎಲ್ಲಿದೆಯೋ ಗೊತ್ತಿರಲಿಲ್ಲ. ಕೋಲಿಲ್ಲದೆ ಗಾಡಿ ಕದಲಿಸೆನೆಂದು ನೀನು ಏಳು ಮೈಲಿ ಓಡಿ ಡಾಕ್ಟರನ್ನು ಕರೆತಂದೆ, ನಿಜ. ಅಷ್ಟರಲ್ಲಿ ಮಗಳ ಕಿವಿ ಹೋಗಿತ್ತು. "ಮಗಳಿಗಿಂತ ಕೋಲು ಹೆಚ್ಚಾಯ್ತಾ ನಿಂಗೆ?" ಎಂದು ನಾನು ಅವಳನ್ನು ಕರೆದುಕೊಂಡು ಈ ಗೇಟು ಮನೆಗೆ ಬಂದುಬಿಟ್ಟೆ.

ನಿನ್ನೆ ಸ್ಟೇಷನ್ನಿನಲ್ಲಿ ನಡೆದದ್ದನ್ನು, ಅಲ್ಲೇ ಗಾಡಿಗೆ ಕಾದಿದ್ದ ಪ್ಯೂ ಅಜ್ಜಿ ಹೇಳಿದಳು. ಸೋಮವಾರ ನಮ್ಮ ಪುಟ್ಟ ರೈಲು ಕಂಪನಿ ದೊಡ್ಡ ಕಂಪನಿಯ ಹೊಟ್ಟೆ ಸೇರುತ್ತದಲ್ಲ, ಅದರ ಬೀಳ್ಕೊಡುಗೆಗೆ ಬಂದ ಅಧ್ಯಕ್ಷ ಕರ್ನಲ್ ವಾನ್‌ಗೆ ಅವಸರವಂತೆ. ಒಂದೇ ಎಂಜಿನ್ನು, ಎರಡು ಡಬ್ಬಿ, ಅಜ್ಜಿಯ ಕೋಳಿಬುಟ್ಟಿ ಹತ್ತುವವರೆಗೂ ಕಾಯುವ ಗಾಡಿ ನಮ್ಮದು; ಅವಸರ ಅದಕ್ಕೆಲ್ಲಿ ಗೊತ್ತು! ಕೋಲು, ಸುರಂಗದಾಚೆ ಹಳಿಗೆ ಬಿದ್ದ ಕಲ್ಲು ತೆಗೆಯುತ್ತಿದ್ದ ಹಳಿ ಕೆಲಸದ ಟ್ವಮ್‌ನ ಬಳಿ ಇತ್ತು.

"ಕೋಲು ಆಮೇಲೆ ಬರುತ್ತೆ, ಹೊರಡಯ್ಯ. ಹಳಿ ಮೇಲೆ ಯಾರಿದಾರೆ?" ಎಂದರಂತೆ ಕರ್ನಲ್.

"ಕೋಲು ಇಲ್ಲ ಅಂದ್ರೆ ಯಾರೋ ಇದಾರೆ ಅಂತ ಅರ್ಥ, ಸಾಹೇಬ್ರೆ" ಎಂದು ನೀನು ಎಂಜಿನ್ನಿನ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ಚೀಸು ಬಿಚ್ಚಿದೆಯಂತೆ. ಕೆಲಸ ಹೋಗುತ್ತದೆ ಎಂದರೂ ಅಗಿಯುವುದು ನಿಲ್ಲಿಸಲಿಲ್ಲವಂತೆ.

ಆಗ ಸುರಂಗದೊಳಗಿದ್ದವಳು ನೆಸ್ಟ್. ಟ್ವಮ್ ಎಂಥ ಸೋಮಾರಿ ನೋಡು, ಚಹಾ ಕೊಡಲು ಹೋದವಳ ಕೈಯಲ್ಲೇ ಕೋಲು ಕಳಿಸಿದ್ದ. ಅಲ್ಲಿ ಗೋಡೆಗೂ ಹಳಿಗೂ ನಡುವೆ ಬೆಕ್ಕು ನುಸುಳಲೂ ಜಾಗವಿಲ್ಲ. ನಿನ್ನ ಸೀಟಿ ಅವಳಿಗೆ ಕೇಳುತ್ತಿರಲಿಲ್ಲ.

ಅವಳು ಬಂದು ಕೋಲನ್ನು ನಿನ್ನ ಕೈಗಿಟ್ಟಾಗ ಎಳೆ ಮಗುವಿನ ಹಾಗೆ ಅತ್ತುಬಿಟ್ಟೆಯಂತೆ. ಇಲ್ಲಿ ನಾನೂ ಅಳುತ್ತಿದ್ದೇನೆ. ನಿನ್ನ ಹಟವನ್ನು ಕಲ್ಲೆದೆ ಎಂದು ಬೈದವಳು ನಾನು. ಅದೇ ಹಟ ನನ್ನ ಮಗಳನ್ನು ಉಳಿಸಿತು. ನಿನ್ನಂಥ ಗಂಡಸು ಈ ಕಣಿವೆಯಲ್ಲಿ ಇನ್ನೊಬ್ಬನಿಲ್ಲ. ಮನೆಗೆ ಬಾ.

ಇನ್ನೂ ನಿನ್ನ ಹೆಂಡತಿಯೇ ಆದ,
ಗ್ವೆನ್

ವಿ.ಸೂ.: ನಾನು ಮನೆ ಬಿಟ್ಟ ವರ್ಷ, ನೀನು ಕುಡಿದು ಗಾಡಿ ಓಡಿಸುತ್ತೀಯೆಂದು ಕಂಪನಿಗೆ ಹೆಸರಿಲ್ಲದ ಕಾಗದ ಹೋಗಿ, ಡ್ರೈವರ್ ಕೆಲಸ ತಪ್ಪಿ ಮೂರು ತಿಂಗಳು ಎಂಜಿನ್ನಿನ ಬೂದಿ ಬಾಚಿದೆಯಲ್ಲ? ಬರೆದವನು ಗಾರ್ಡ್ ಹ್ಯೂ ಎಂದುಕೊಂಡು ಇಂದಿನವರೆಗೂ ಅವನೊಡನೆ ಸೀಟಿ ಬಾವುಟಗಳಲ್ಲೇ ವ್ಯವಹಾರ ನಡೆಸಿದ್ದೀಯ. ಬರೆದವಳು ನಾನು. ಮೊದಲು ಹ್ಯೂನ ಮನೆಗೆ ಹೋಗಿ ಚಹಾ ಕುಡಿ. ಆಮೇಲೂ ಮನಸ್ಸಿದ್ದರೆ ಇಲ್ಲಿಗೆ ಬಾ.